16 ಇಂಚಾ, 17 ಇಂಚಾ? ವಾಡಿ ರಸ್ತೆಗೆ ಯಾವ ಚಕ್ರ?

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ನಮ್ಮ ಕಣ್ಣು ಹೋಗೋದು ದೊಡ್ಡ ಅಲಾಯ್ ಚಕ್ರದ ಮೇಲೆ. ಚಕ್ರ ಆರಿಸುವ ಮೊದಲು ಟೈರಿನ ಮೇಲಿರುವ ಅಂಕಿಗಳನ್ನ ಓದೋಣ.

195/55 ಆರ್ 16 ಅಂದರೆ: ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ 55% (107.25 ಮಿ.ಮೀ.), ರಿಮ್ 16 ಇಂಚು (406.4 ಮಿ.ಮೀ.).

ಒಟ್ಟು ವ್ಯಾಸ = 406.4 + (2 × 107.25) = 620.9 ಮಿ.ಮೀ.

ಈಗ 17 ಇಂಚಿನ ರಿಮ್ ಬೇಕು ಅಂದುಕೊಳ್ಳೋಣ. 205/45 ಆರ್ 17ರ ವ್ಯಾಸ 616.3 ಮಿ.ಮೀ. ವ್ಯತ್ಯಾಸ 1%ಕ್ಕಿಂತ ಕಡಿಮೆ, ಪರವಾಗಿಲ್ಲ. ಅದೇ 205/55 ಆರ್ 17 ಹಾಕಿದರೆ 657.3 ಮಿ.ಮೀ. ಆಗ ಮೀಟರ್ ಅದೇ 100 ತೋರಿಸಿದರೂ ಕಾರು ಮೊದಲಿಗಿಂತ ಸುಮಾರು 6% ಜಾಸ್ತಿ ವೇಗದಲ್ಲಿ ಓಡ್ತಿರ್ತದೆ!

205/45ರಲ್ಲಿ ಗೋಡೆ ಬರೀ 92 ಮಿ.ಮೀ. ತಿರುವಿನಲ್ಲಿ ಟೈರ್ ಕಡಿಮೆ ಬಾಗ್ತದೆ, ಸ್ಟೀರಿಂಗ್ ಚುರುಕಾಗ್ತದೆ. ಆದರೆ ಗುಂಡಿಗೆ ಬಿದ್ದಾಗ ಹೊಡೆತ ತಡೆಯೋಕೆ ಗೋಡೆ 15 ಮಿ.ಮೀ. ಕಡಿಮೆ. ರಿಮ್ ಡೊಂಕಾಗಬಹುದು, ಟೈರಿನ ಪಕ್ಕ ಸೀಳಬಹುದು.

ರೇಸ್ ಟ್ರ್ಯಾಕಿಗೆ 17 ಸರಿ. ಸಿಮೆಂಟ್, ಶಹಾಬಾದ್ ಕಲ್ಲಿನ ಲಾರಿಗಳು ಓಡಾಡುವ ವಾಡಿ ರಸ್ತೆಗೆ ನಮ್ಮ ಓಟು 16ಕ್ಕೆ. ಯಾವುದೇ ತಗೊಂಡರೂ, ಟೈರ್ ಹೊರುವ ಭಾರ ಮತ್ತು ವೇಗದ ಮಿತಿ ಕಾರು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಅದನ್ನ ನೋಡದೆ ದುಡ್ಡು ಕೊಡಬೇಡಿ.