ವಂಕಿ ಹಾಕುವಾಗಿನ ನೋವು: ತಿಳಿಯತಕ್ಕದ್ದು, ಹೇಳತಕ್ಕದ್ದು

“ಎರಡು ಹೆತ್ತವಳಿಗೆ ಇದೇನಮ್ಮ ದೊಡ್ಡ ನೋವು? ಸುಮ್ಮನೆ ಮಲಗು.” ವಂಕಿ ಹಾಕಿಸಿಕೊಳ್ಳಲು ಹೋದ ಎಷ್ಟೋ ಹೆಂಗಸರು ಕೇಳಿ ಬಂದಿರುವ ಮಾತು ಇದು. ಆಕೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾಳೆ. ಮನೆಗೆ ಬಂದು ಯಾರೊಡನೆಯೂ ಹೇಳುವುದಿಲ್ಲ. ಊರು ಬಿಟ್ಟು ಮುಂಬಯಿಗೋ ಹೈದರಾಬಾದಿಗೋ ಬಂದವಳಾದರೆ ಇನ್ನೊಂದು ಕಷ್ಟವೂ ಉಂಟು. ನೋವು ಹೇಳಿಕೊಳ್ಳಲು ಅಲ್ಲಿಯ ಮಾತು ಬಾರದು. ಆಕೆ ಸುಮ್ಮನಿರುವುದನ್ನು ಕಂಡವರು ನೋವೇ ಇಲ್ಲವೆಂದು ಎಣಿಸಿಬಿಡುತ್ತಾರೆ. ಈ ಪಾಠ ಆಕೆಗಾಗಿ. ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಗಂಡನಿಗಾಗಿಯೂ ಹೌದು.

ವಂಕಿ ಅಥವಾ ಕಾಪರ್-ಟಿ ಎಂಬುದು ತಾಮ್ರದ ತಂತಿ ಸುತ್ತಿದ ಪ್ಲಾಸ್ಟಿಕ್ಕಿನ ಪುಟ್ಟ ಸಾಧನ. ಇದು ಗರ್ಭಕೋಶದಲ್ಲಿದ್ದು ವರ್ಷಗಟ್ಟಲೆ ಗರ್ಭ ನಿಲ್ಲದಂತೆ ತಡೆಯುತ್ತದೆ, ಬೇಡವಾದಾಗ ತೆಗೆಸಬಹುದು. ಒಳ್ಳೆಯ ಸಾಧನವೇ ಸರಿ. ಅದನ್ನು ಬೇಡವೆನ್ನುವುದು ನಮ್ಮ ಉದ್ದೇಶವಲ್ಲ.

ಅದನ್ನು ಹಾಕುವ ಕ್ರಮ ಹೀಗೆ. ವೈದ್ಯರು ಮೊದಲು ಒಂದು ಸಾಧನದಿಂದ ಯೋನಿಯನ್ನು ಅಗಲಿಸಿ ಗರ್ಭಕಂಠವನ್ನು, ಅಂದರೆ ಗರ್ಭಕೋಶದ ಬಾಯನ್ನು, ನೋಡುತ್ತಾರೆ. ಬಳಿಕ ಚೂಪು ಮೊನೆಯ ಇಕ್ಕಳದಿಂದ ಅದನ್ನು ಹಿಡಿದು ಮೆಲ್ಲಗೆ ಎಳೆಯುತ್ತಾರೆ. ತೆಳುವಾದ ಸಲಾಕೆಯಿಂದ ಒಳಗಿನ ಆಳವನ್ನು ಅಳೆಯುತ್ತಾರೆ. ಕೊನೆಗೆ ಕೊಳವೆಯ ಮೂಲಕ ವಂಕಿಯನ್ನು ಒಳಗಿರಿಸಿ ದಾರವನ್ನು ಕತ್ತರಿಸುತ್ತಾರೆ. ಎಲ್ಲವೂ ಕೆಲವು ನಿಮಿಷಗಳ ಕೆಲಸ. ಆದರೆ ಇಕ್ಕಳ ಹಿಡಿಯುವಾಗ, ಸಲಾಕೆ ಹೋಗುವಾಗ, ವಂಕಿ ಸೇರುವಾಗ, ಹೀಗೆ ಮೂರು ಕಡೆ ನೋವಾಗಬಹುದು.

ಗರ್ಭಕಂಠಕ್ಕೆ ನೋವಿನ ಅರಿವು ಬಹಳ ಕಡಿಮೆ ಎಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಇತ್ತು. ಅದು ಸರಿಯಲ್ಲ. ಅಲ್ಲಿ ನರಗಳಿವೆ, ಎಳೆತ ಹಿಗ್ಗುಗಳನ್ನು ಅವು ಚೆನ್ನಾಗಿ ಅರಿಯುತ್ತವೆ. ನೋವು ಎಲ್ಲರಿಗೂ ಒಂದೇ ಸಮನಲ್ಲ. ಸಹಜವಾಗಿ ಹೆತ್ತವರಿಗೆ ಸಾಮಾನ್ಯವಾಗಿ ಕಡಿಮೆ. ಹೆರದವರಿಗೆ, ಮುಟ್ಟಿನಲ್ಲಿ ತೀವ್ರ ಹೊಟ್ಟೆನೋವು ಬರುವವರಿಗೆ ಹೆಚ್ಚು. ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಮಾತ್ರ ಹೆತ್ತವರ ಗರ್ಭಕಂಠ ಹೆರಿಗೆಯಲ್ಲಿ ಪೂರ್ತಿ ತೆರೆಯದೆಯೇ ಇದ್ದಿರಬಹುದು. ಅವರಿಗೂ ಹೆಚ್ಚು ನೋವಾಗಬಹುದು. ಆದುದರಿಂದ “ಎರಡು ಹೆತ್ತವಳು” ಎಂಬ ಒಂದೇ ಮಾತಿನಿಂದ ನೋವನ್ನು ಅಳೆಯಲಾಗದು.

ನೋಡುವವರ ಅಳತೆ ತಪ್ಪಬಹುದೆಂಬುದಕ್ಕೆ ಒಂದು ನಿದರ್ಶನ. 2014ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಅಧ್ಯಯನದಲ್ಲಿ ನೋವನ್ನು ನೂರರ ಅಳತೆಯಲ್ಲಿ ಗುರುತಿಸಲು ಹೇಳಿದ್ದರು. ಹಾಕಿಸಿಕೊಂಡ ಸ್ತ್ರೀಯರು ಸರಾಸರಿ ಸುಮಾರು 65 ಎಂದರು. ಹಾಕಿದವರು ಸುಮಾರು 35 ಎಂದರು. ಹಾಕಿದವರಲ್ಲಿ ದುರುದ್ದೇಶವಿತ್ತೆಂದಲ್ಲ. ಆದರೆ ನೋವು ಆಗುವುದು ಒಬ್ಬರಿಗೆ, ಲೆಕ್ಕ ಹಾಕುವುದು ಇನ್ನೊಬ್ಬರು. ಅಲ್ಲಿಯ ಸರಕಾರದ ರೋಗನಿಯಂತ್ರಣ ಕೇಂದ್ರವು 2024ರಲ್ಲಿ, ವಂಕಿ ಹಾಕುವ ಮೊದಲೇ ನೋವಿನ ವಿಷಯವನ್ನೂ ಅದರ ಉಪಶಮನದ ದಾರಿಗಳನ್ನೂ ಪ್ರತಿಯೊಬ್ಬರಿಗೂ ತಿಳಿಸಬೇಕೆಂದು ಸಲಹೆ ನೀಡಿತು. ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಗರ್ಭಕಂಠದ ಬಳಿ ಚುಚ್ಚುವುದರಿಂದ ಅಥವಾ ಲೇಪಿಸುವುದರಿಂದ ನೋವು ಕಡಿಮೆಯಾಗಬಹುದೆಂದೂ ಹೇಳಿತು. ಹಲ್ಲು ಕೀಳುವಾಗ ದಂತವೈದ್ಯರು ಚುಚ್ಚುವುದೂ ಹೆಚ್ಚಾಗಿ ಇದೇ ಔಷಧ.

ನೋವನ್ನು ಕೇಳಿಸಿಕೊಳ್ಳುವುದು ಬರಿಯ ದಯೆಯ ವಿಷಯವಲ್ಲ, ಅದು ವೈದ್ಯಕೀಯವೂ ಹೌದು. ಸುಮಾರು ಸಾವಿರಕ್ಕೆ ಒಬ್ಬರಲ್ಲಿ ವಂಕಿ ಗರ್ಭಕೋಶದ ಗೋಡೆಯನ್ನು ತೂರುವುದುಂಟು. ಒಮ್ಮೆಲೇ ಬರುವ ತೀವ್ರ ನೋವು ಅದರ ಸೂಚನೆಯಾಗಿರಬಹುದು. ಕೆಲವರಿಗೆ ನಾಡಿ ನಿಧಾನವಾಗಿ ತಲೆ ಸುತ್ತಿ ಬವಳಿ ಬರುತ್ತದೆ. “ಸುಮ್ಮನಿರು” ಎಂದವರು ಆ ಸೂಚನೆಯನ್ನೇ ಕಳೆದುಕೊಳ್ಳುತ್ತಾರೆ.

ಇನ್ನು ನಾವು ಮಾಡತಕ್ಕದ್ದು:

1. ಮೇಜಿನ ಮೇಲೆ ಮಲಗುವ ಮೊದಲೇ ಕೇಳಿ: “ನೋವಿಗೆ ಏನು ಕೊಡುವಿರಿ? ಮರಗಟ್ಟಿಸುವ ಔಷಧ ಇಲ್ಲಿ ಉಂಟೇ?” ಹಿಂದೆ ಯಾವ ಚುಚ್ಚುಮದ್ದಾದರೂ ಒಗ್ಗದಿದ್ದರೆ ತಿಳಿಸಿ.

2. “ನಿಲ್ಲಿಸಿ ಎಂದರೆ ನಿಲ್ಲಿಸುವಿರಾ?” ಎಂದು ಕೇಳಿಕೊಳ್ಳಿ. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ನೀಡಿದೆ.

3. ಪರೀಕ್ಷಿಸುವವರು ಗಂಡಸಾದರೆ, ಒಬ್ಬ ಹೆಂಗಸು ಜೊತೆಯಲ್ಲಿರಬೇಕೆಂದು ಕೇಳುವುದು ರೋಗಿಯ ಹಕ್ಕು.

4. ಈ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. “ಬಹಳ ನೋಯುತ್ತಿದೆ, ನಿಲ್ಲಿಸಿ” ಎಂಬುದಕ್ಕೆ:
ಮರಾಠಿ: ಖೂಪ್ ದುಖ್ತಂಯ್, ಥಾಂಬಾ.
ಹಿಂದಿ: ಬಹುತ್ ದರ್ದ್ ಹೋ ರಹಾ ಹೈ, ರುಕಿಯೇ.
ತಮಿಳು: ರೊಂಬ ವಲಿಕ್ಕುದು, ನಿರುತ್ತುಂಗೊ.
ತೆಲುಗು: ಚಾಲಾ ನೊಪ್ಪಿಗಾ ಉಂದಿ, ಆಪಂಡಿ.

5. ಕೆಲವು ದಿನ ಸಣ್ಣಗೆ ಹೊಟ್ಟೆ ನುಲಿಯುವುದು ಸಹಜ. ನೋವು ಏರುತ್ತ ಹೋದರೆ, ಜ್ವರ, ದುರ್ವಾಸನೆಯ ಸ್ರಾವ ಅಥವಾ ಅತಿಯಾದ ರಕ್ತಸ್ರಾವ ಕಂಡರೆ, ತಡಮಾಡದೆ ಮತ್ತೆ ತೋರಿಸಿ.

ಗಂಡಸರಿಗೆ ಒಂದು ಮಾತು. ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುವುದರಲ್ಲಿ ನಿಮ್ಮ ಕೆಲಸ ಮುಗಿಯದು. ಆಫೀಸಿನಲ್ಲೋ ಕಾರ್ಖಾನೆಯಲ್ಲೋ ಆ ಊರ ಮಾತು ಕಲಿತವರು ನೀವು. ಒಳಗೆ ಹೋಗುವ ಮೊದಲು ಆಕೆಯ ಪ್ರಶ್ನೆಗಳನ್ನು ಡಾಕ್ಟರಿಗೆ ಹೇಳಿಕೊಡಿ, ಹೊರಗೆ ಬಂದ ಮೇಲೆ “ಹೇಗಿತ್ತು?” ಎಂದು ಕೇಳಿ, ಆಕೆ ಹೇಳಿದ್ದನ್ನು ನಂಬಿ.