ಶ್ವಾಸಕೋಶದ ಕಾವಲು ಕಣಗಳು

ರಾಗಿಹೊಲಕ್ಕೆ ಕಾಡುಹಂದಿ ನುಗ್ಗಿತೆಂದು ಕಾವಲಿನವನು ಕೂಗು ಹಾಕುತ್ತಾನೆ. ನಾಲ್ಕು ಜನ ಬಂದರೆ ಹಂದಿ ಓಡೀತು. ಊರಿಗೆ ಊರೇ ದೊಣ್ಣೆ ಹಿಡಿದು ಹೊಲಕ್ಕಿಳಿದರೆ, ಹಂದಿ ಹೋದರೂ ಬೆಳೆ ಕಾಲ್ತುಳಿತಕ್ಕೆ ಸಿಕ್ಕಿ ನೆಲಸಮವಾಗುತ್ತದೆ. ವೈರಸ್ಸಿನಿಂದ ಬರುವ ಕಠಿಣ ನ್ಯುಮೋನಿಯಾದಲ್ಲಿ ಶ್ವಾಸಕೋಶದೊಳಗೆ ನಡೆಯುವುದೂ ಇಂಥದೇ.

ರೈತ ಬಾಂಧವರೇ, ನಮ್ಮ ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಉಸಿರಿನ ಆಮ್ಲಜನಕವು ಅವುಗಳ ಬಹು ತೆಳುವಾದ ಗೋಡೆಯನ್ನು ದಾಟಿ ರಕ್ತವನ್ನು ಸೇರಬೇಕು. ಈ ಗೂಡುಗಳಲ್ಲಿ ಭಕ್ಷಕ ಕಣಗಳು ಸದಾ ಕಾವಲಿರುತ್ತವೆ. ಒಕ್ಕಣೆಯ ಕಾಲದಲ್ಲಿ ಒಳಸೇರುವ ನುಣ್ಣನೆಯ ಧೂಳನ್ನು ಸದ್ದಿಲ್ಲದೆ ನುಂಗುವುವೂ ಇವೇ. ವೈರಸ್ಸು ಹೊಕ್ಕಾಗ ಇವು ಕೆಲವು ರಾಸಾಯನಿಕಗಳನ್ನು ಸುರಿಸಿ ಕೂಗು ಹಾಕುತ್ತವೆ. ಆಗ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಓಡಿಬರುತ್ತವೆ. ಕೆಲವು ದಿನಗಳ ಮೇಲೆ ಟಿ ಕಣಗಳು ಬಂದು, ವೈರಸ್ಸು ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಬಹುಮಂದಿಗೆ ಇಲ್ಲಿಗೆ ಕೂಗು ನಿಲ್ಲುತ್ತದೆ.

ಕೆಲವರಲ್ಲಿ ನಿಲ್ಲುವುದಿಲ್ಲ. ಟಿ ಕಣಗಳು ಭಕ್ಷಕ ಕಣಗಳನ್ನು ಕೆರಳಿಸುತ್ತವೆ; ಅವು ಇನ್ನಷ್ಟು ಕಣಗಳನ್ನು ಕರೆಯುತ್ತವೆ. ನ್ಯೂಟ್ರೋಫಿಲ್‌ಗಳು ಸುರಿಸುವ ತೀಕ್ಷ್ಣ ರಸ ಗೂಡಿನ ಗೋಡೆಯನ್ನೇ ಕೊರೆಯುತ್ತದೆ. ರಕ್ತದ ನೀರು ಒಳಕ್ಕೆ ಜಿನುಗಿ, ಗಾಳಿ ಇರಬೇಕಾದಲ್ಲಿ ನೀರು ನಿಲ್ಲುತ್ತದೆ. ಕೋವಿಡ್ ತಗುಲಿದ ಕೆಲವರಿಗೆ ಒಂದು ವಾರವಾಗುವ ಹೊತ್ತಿಗೆ ಏದುಸಿರು ಹತ್ತಿದುದಕ್ಕೆ ಇದು ಮುಖ್ಯ ಕಾರಣ.

ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ಔಷಧವು ಈ ಕೂಗನ್ನು ತಗ್ಗಿಸುತ್ತದೆ. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯಲ್ಲಿ 2,104 ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಇದನ್ನು ಕೊಟ್ಟು, ಕೊಡದಿದ್ದ 4,321 ಮಂದಿಯೊಡನೆ ಹೋಲಿಸಿದರು. ಉಸಿರಾಟದ ಯಂತ್ರದ ಮೇಲಿದ್ದವರಲ್ಲಿ, ಔಷಧವಿಲ್ಲದೆ 28 ದಿನಗಳೊಳಗೆ ನೂರಕ್ಕೆ 41 ಮಂದಿ ಸತ್ತರೆ, ಔಷಧ ಪಡೆದವರಲ್ಲಿ 29 ಮಂದಿ. ಬರಿಯ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26 ಇದ್ದುದು 23ಕ್ಕೆ ಇಳಿಯಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ.

ಇದನ್ನು ಚೆನ್ನಾಗಿ ಗಮನಿಸಬೇಕು. ಮೊದಲ ದಿನಗಳಲ್ಲಿ ಹಂದಿ ಇನ್ನೂ ಹೊಲದಲ್ಲೇ ಇರುತ್ತದೆ. ಆಗ ಕಾವಲಿನವನ ಬಾಯಿ ಕಟ್ಟಿದರೆ ಹೇಗೆ? ಜ್ವರ ಬಂದೊಡನೆ ಅಂಗಡಿಯಿಂದ ಸ್ಟೆರಾಯ್ಡ್ ಮಾತ್ರೆ ತಂದು ನುಂಗುವುದು ಇಂಥ ಕೆಲಸ. ಅದು ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. 2021ರಲ್ಲಿ ನಮ್ಮ ದೇಶದಲ್ಲಿ ಕಪ್ಪು ಶಿಲೀಂಧ್ರ ರೋಗಕ್ಕೆ ತುತ್ತಾದವರಲ್ಲಿ ಬಹಳ ಮಂದಿ ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ತೆಗೆದುಕೊಂಡಿದ್ದವರು.

ನ್ಯುಮೋನಿಯಾದ ರೋಗಿಗೆ ಕುಳಿತಲ್ಲೇ ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿದರೆ, ಬೆಳಗಾಗಲೆಂದು ಕಾಯದೆ ಆಮ್ಲಜನಕವಿರುವ ಆಸ್ಪತ್ರೆಗೆ ಒಯ್ಯಿರಿ.