ಪಾಠೋಪಕರಣಗಳ ಸದುಪಯೋಗ

(ಗ್ರಾಮಶಾಲೆಗಳ ಉಪಾಧ್ಯಾಯರಿಗೂ ಮಕ್ಕಳ ತಾಯಿತಂದೆಗಳಿಗೂ ಒಂದು ಪಾಠ)



ಕಣ್ಣಿಗೆ ಕಾಣದ ಸಂಗತಿಯನ್ನು ಬರೇ ಮಾತಿನಿಂದ ಮಗುವಿಗೆ ತಿಳಿಸುವದು ಕಷ್ಟ. ಆದಕಾರಣ ಉಪಾಧ್ಯಾಯರು ಹಿಂದಿನಿಂದಲೂ ಯಾವದಾದರೊಂದು ಉಪಕರಣದ ಸಹಾಯವನ್ನು ತೆಗೆದುಕೊಂಡಿದ್ದಾರೆ. ಗಾಂವಠಿ ಶಾಲೆಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅನಂತರ ಪಾಟಿಯೂ ಕರಿಹಲಗೆಯೂ ನಕಾಶೆಯೂ ಬಂದವು. ಈಗ ಗಣಕಯಂತ್ರವೂ ಮೊಬೈಲೂ ಬಂದಿವೆ. ಆದರೆ ಉಪಕರಣವು ಶಾಲೆಯ ಬಾಗಿಲನ್ನು ಹೊಕ್ಕ ಮಾತ್ರಕ್ಕೆ ವಿದ್ಯೆಯೂ ಹೊಕ್ಕಿತೆಂದು ನೆನಸಬಾರದು. ಇದನ್ನು ನಮ್ಮ ಸೀಮೆಯಲ್ಲಿ ನಡೆದ ಸಂಗತಿಗಳಿಂದಲೇ ವಿಚಾರಿಸೋಣ.

1. ಆಕಾಶದಿಂದ ಬಂದ ಪಾಠ

1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರ ವರೆಗೆ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನವು ಬಂತು. ಕರ್ನಾಟಕದಲ್ಲಿ ಇದಕ್ಕೆ ಆರಿಸಲ್ಪಟ್ಟವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಆ ಬಿಜಾಪುರ ಜಿಲ್ಲೆಗೆ ಸೇರಿದವುಗಳು. ಉಪಗ್ರಹವು ಅಮೇರಿಕ ದೇಶದವರದು. ಅದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಹಳ್ಳಿಯಲ್ಲಿ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ದೊಡ್ಡ ಬುಟ್ಟಿಯಂಥ ಸಾಧನವು ಅದರ ತರಂಗಗಳನ್ನು ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ ನಾಲ್ಕು ಭಾಷೆಗಳ ಪಾಠಗಳು ಒಂದಾದ ಮೇಲೊಂದು ಬರುತ್ತಿದ್ದವು. ಕನ್ನಡದ ಪಾಲಿಗೆ ದೊರೆತದ್ದು 22½ ನಿಮಿಷ.

ಆದರೆ ಆ ಚಿತ್ರಕ್ಕೆ ಒಂದು ಕೊರತೆ ಇತ್ತು. ಮಗುವಿಗೆ ತಿಳಿಯದಿದ್ದರೂ ಅದು ನಿಲ್ಲದು. ಪ್ರಶ್ನೆಯನ್ನು ಕೇಳಿದರೂ ಉತ್ತರ ಕೊಡದು. ಇದನ್ನು ನಡಿಸಿದವರು ಆ ಕೊರತೆಯನ್ನು ಬಲ್ಲವರಾಗಿದ್ದರು. ಆದದರಿಂದ ಉಪಾಧ್ಯಾಯರಿಗೆ ವಿಜ್ಞಾನವನ್ನು ಕಲಿಸುವ ಕ್ರಮವನ್ನು ತೋರಿಸುವಾಗ, ದೂರದರ್ಶನದ ಸಂಗಡ ರೇಡಿಯೋ ಪಾಠಗಳನ್ನೂ ಅಚ್ಚಾದ ಪುಸ್ತಕಗಳನ್ನೂ ಕೈಯಾರೆ ಮಾಡುವ ಪ್ರಯೋಗಗಳನ್ನೂ ಕೂಡಿಸಿದರು. ವರುಷ ತುಂಬಿದಾಗ ಉಪಗ್ರಹದ ಸೇವೆಯು ಮುಗಿಯಿತು. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರಯಂತ್ರವು ಸ್ಥಾಪಿತವಾದರೂ ಅದರ ತರಂಗಗಳು ಸುತ್ತಲಿನ ಸೀಮೆಗೆ ಮಾತ್ರ ಮುಟ್ಟುವಂಥವು. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಯಂತ್ರವು ಬರುವದು, ಹೋಗುವದು. ಉಪಾಧ್ಯಾಯನ ಕೈಗೆ ಹತ್ತಿದ ಕ್ರಮವು ಮಾತ್ರ ಶಾಲೆಯಲ್ಲಿ ಉಳಿಯುವದು.

2. ಉಪಕರಣವನ್ನು ಉಪಯೋಗಿಸುವ ಕ್ರಮ

ನದಿಯ ಪಾಠವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಆಲಮಟ್ಟಿಯ ಅಣೆಕಟ್ಟಿನ ಚಲಚ್ಚಿತ್ರವು ಉಪಾಧ್ಯಾಯನ ಬಳಿ ಇದೆ ಎಂದಿಟ್ಟುಕೊಳ್ಳಿರಿ.

ಮೊದಲು, ಚಿತ್ರವನ್ನು ತೋರಿಸುವದಕ್ಕೆ ಮುಂಚೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಲಿ. ಎರೆಮಣ್ಣನ್ನು ಹದವಾಗಿ ನಾದಿ ಪೂರ್ವಕ್ಕೆ ತುಸು ಇಳಿಜಾರಾಗಿ ಹರಡಲಿ. ಉತ್ತರಕ್ಕೆ ಇಂಡಿ ಸಿಂದಗಿಗಳ ಕಡೆಯ ಭೀಮೆಯನ್ನೂ, ದಕ್ಷಿಣಕ್ಕೆ ಬಾಗೇವಾಡಿ ಮುದ್ದೇಬಿಹಾಳಗಳ ಕಡೆಯ ಕೃಷ್ಣೆಯನ್ನೂ, ನಡುವೆ ತಾಳಿಕೋಟೆಯ ಪಕ್ಕದಿಂದ ಹರಿಯುವ ಡೋಣಿಯನ್ನೂ ಮಕ್ಕಳೇ ಬೆರಳಿನಿಂದ ಗೀರಲಿ. ತಮ್ಮ ಊರಿದ್ದಲ್ಲಿ ಒಂದು ಹರಳನ್ನು ಇಡಲಿ.

ಎರಡನೆಯದಾಗಿ, ಒಂದು ತಂಬಿಗೆ ನೀರನ್ನು ಕೃಷ್ಣೆಯಲ್ಲಿ ಹೊಯ್ದು, ನಡುವೆ ಮಣ್ಣಿನ ಒಡ್ಡನ್ನು ಕಟ್ಟಲಿ. ನೀರು ಹಿಂದಕ್ಕೆ ಸರಿದು ಹರಡುವದನ್ನು ನೋಡಿದ ಮಗುವು, ಅಣೆಕಟ್ಟಿನ ಹಿಂದಿನ ಹಳ್ಳಿಗಳು ಯಾಕೆ ಮುಳುಗಿದವೆಂದು ತಾನೇ ಹೇಳುವದು. ಈಗ ಚಲಚ್ಚಿತ್ರವನ್ನು ತೋರಿಸಲಿ. ಬೇಕಾದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಲಿ. 1975ರ ಉಪಾಧ್ಯಾಯನಿಗೆ ಇಲ್ಲದ ಈ ಸೌಕರ್ಯವು ಈಗ ಉಂಟು.

ಮೂರನೆಯದಾಗಿ, ಯಂತ್ರವನ್ನು ಮುಚ್ಚಿದ ಮೇಲೆ ಮಗುವು ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ ಪಾಟಿಯ ಮೇಲೆ ಬರೆಯಲಿ. ಹೀಗೆ ಹೇಳಲಾರದ ಮಗುವು ಚಿತ್ರವನ್ನು ನೋಡಿತೇ ಹೊರತು ಪಾಠವನ್ನು ಕಲಿಯಲಿಲ್ಲ. ಕರೆಂಟು ಹೋದ ದಿನದಲ್ಲಿಯೂ ಈ ಪಾಠವು ನಿಲ್ಲುವದಿಲ್ಲ. ಯಾಕಂದರೆ ಅದರ ಹೆಚ್ಚಿನ ಭಾಗವು ಮಣ್ಣಿನಿಂದಲೂ ನೀರಿನಿಂದಲೂ ಆಗುತ್ತದೆ.

3. ಉಪಕರಣವಿಲ್ಲದ ಮಗು

2020ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಾಗ ಪಾಠವು ಮೊಬೈಲಿಗೆ ಹೋಯಿತು. ಒಳ್ಳೇ ಮೊಬೈಲ್ ಇದ್ದ ಮನೆಯ ಮಗುವಿಗೆ ಪಾಠ ದೊರೆಯಿತು. ಕೂಲಿಯವನ ಮಗುವಿಗೆ ದೊರೆಯಲಿಲ್ಲ. ಆ ವರುಷದ ಆಗಸ್ಟಿನಲ್ಲಿ ಸರಕಾರವು ವಿದ್ಯಾಗಮವೆಂಬ ಏರ್ಪಾಡನ್ನು ಆರಂಭಿಸಿತು. ಇದರಲ್ಲಿ ಮಕ್ಕಳನ್ನು ಮೂರು ತೆರವಾಗಿ ವಿಂಗಡಿಸಿದರು. ಹೇಗಂದರೆ, ಯಾವ ಫೋನೂ ಇಲ್ಲದವರು, ಸಾದಾ ಫೋನು ಉಳ್ಳವರು, ಇಂಟರ್ನೆಟ್ ಉಳ್ಳ ಫೋನಿನವರು. ಉಪಾಧ್ಯಾಯರು ಓಣಿಗಳಿಗೆ ಹೋಗಿ ಗುಡಿಯ ಕಟ್ಟೆಯ ಮೇಲೂ ಮರದ ನೆರಳಿನಲ್ಲಿಯೂ ಕಲಿಸಿದರು. ರೋಗಭಯದಿಂದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದಾಗ್ಯೂ ಅದು ತೋರಿಸಿದ ಸತ್ಯವನ್ನು ಮರೆಯಬಾರದು. ಯಾವ ಉಪಕರಣವನ್ನು ತರುವ ಮುಂಚೆಯೂ, ಇದು ಯಾವ ಮಗುವಿಗೆ ಸಿಕ್ಕದೆಂದು ಮೊದಲು ವಿಚಾರಿಸತಕ್ಕದ್ದು. ಒಂದೇ ಸಾಧನವಿದ್ದರೆ ಹಿಂದಿನ ಸಾಲಿನ ಮಗುವನ್ನು ಮುಂದೆ ಕೂಡ್ರಿಸತಕ್ಕದ್ದು. ಮುರಿದೀತೆಂಬ ಅಂಜಿಕೆಯಿಂದ ಕಪಾಟಿನಲ್ಲಿ ಬೀಗ ಹಾಕಿಟ್ಟ ಯಂತ್ರಕ್ಕಿಂತ ಮಕ್ಕಳ ಕೈಯಲ್ಲಿ ಸವೆದ ಮಣಿಕಟ್ಟು ಮೇಲು.

ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಊರ ಶಾಲೆಯಲ್ಲಿರುವ ಉಪಕರಣಗಳಾವವು? ಅವುಗಳಲ್ಲಿ ಕಳೆದ ತಿಂಗಳು ಉಪಯೋಗವಾದವುಗಳಾವವು?

2. ಹಣವಿಲ್ಲದೆ ಜೋಳದ ದಂಟು, ಹುಣಸೇಬೀಜ, ಎರೆಮಣ್ಣುಗಳಿಂದ ಯಾವ ಯಾವ ಪಾಠಗಳನ್ನು ಕಲಿಸಬಹುದು?

3. ನಿಮ್ಮ ಮಗುವು ಮೊಬೈಲಿನಲ್ಲಿ ಪಾಠ ನೋಡಿದ ಮೇಲೆ, ಏನು ಕಲಿತಿ ಎಂದು ನೀವು ಕೇಳುವದುಂಟೋ?